ಥೈರಾಯ್ಡ್ ನೇತ್ರರೋಗ: ದೃಷ್ಟಿ ರಕ್ಷಣೆಯ ಮಾರ್ಗಗಳು

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಚಿಟ್ಟೆಯ ಆಕಾರದಲ್ಲಿರುವ ಪುಟ್ಟ ಗ್ರಂಥಿಯೇ ಥೈರಾಯ್ಡ್. ಹೃದಯದ ಬಡಿತ, ಶರೀರದ ಶಾಖ, ತೂಕ, ಮನಸ್ಸಿನ ಲವಲವಿಕೆ ಮೊದಲಾದವು ಈ ಗ್ರಂಥಿಯು ಸ್ರವಿಸುವ ರಸದೂತಗಳನ್ನು, ಅಂದರೆ ಹಾರ್ಮೋನುಗಳನ್ನು, ಅವಲಂಬಿಸಿವೆ. ಥೈರಾಯ್ಡ್ ಗ್ರಂಥಿಯ ಒಂದು ಬಗೆಯ ಕಾಯಿಲೆಯೊಡನೆ ಕಣ್ಣಿಗೂ ತೊಂದರೆ ತಗಲಬಹುದೆಂಬ ಸಂಗತಿ ಅನೇಕರಿಗೆ ತಿಳಿಯದು. ಕಣ್ಣು ಕೆಂಪಾದರೆ ಕಣ್ಣಿನ ಹನಿ ಹಾಕಿಕೊಳ್ಳುತ್ತಾರೆ. ತೂಕ ಇಳಿದರೆ ಟಾನಿಕ್ ಕುಡಿಯುತ್ತಾರೆ. ಇವೆರಡರ ಹಿಂದೆ ಒಂದೇ ಕಾರಣವಿರಬಹುದೆಂಬುದು ಗೊತ್ತಾಗುವ ವೇಳೆಗೆ ಅಮೂಲ್ಯವಾದ ಕಾಲ ಕಳೆದುಹೋಗಿರುತ್ತದೆ.

ಈ ನೇತ್ರರೋಗಕ್ಕೆ ತನ್ನದೇ ಆದ ಕಾಲಗತಿ ಇದೆ. ಥೈರಾಯ್ಡಿಗೆ ಚಿಕಿತ್ಸೆ ದೊರೆತ ಮಾತ್ರಕ್ಕೆ ಕಣ್ಣು ತಾನಾಗಿಯೇ ಸರಿಹೋಗುವುದಿಲ್ಲ. ಆದರೆ ರೋಗವು ಚುರುಕಾಗಿರುವ ಒಂದೆರಡು ವರ್ಷಗಳ ಅವಧಿಯಲ್ಲಿ ರೋಗಿಯು ವಹಿಸುವ ಎಚ್ಚರಿಕೆಯು ದೃಷ್ಟಿಯನ್ನು ಉಳಿಸಿಕೊಡಬಲ್ಲದು. ಆ ಎಚ್ಚರಿಕೆಯ ವಿವರಗಳನ್ನು ತಿಳಿಸುವುದು ಈ ಲೇಖನದ ಉದ್ದೇಶ. ಧೂಳು, ಹೊಗೆ ಹಾಗೂ ಯಂತ್ರಗಳ ನಡುವೆ ದುಡಿಯುವವರಿಗೆ ಈ ಕಾಯಿಲೆ ಹೆಚ್ಚಿನ ಕಷ್ಟ ಕೊಡುವುದರಿಂದ, ದೆಹಲಿಗೆ ಹೊಂದಿಕೊಂಡಿರುವ ಹರಿಯಾಣದ ಕೈಗಾರಿಕಾ ನಗರ ಫರೀದಾಬಾದನ್ನು ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ. ಇಲ್ಲಿ ಹೇಳಿರುವ ಸಲಹೆಗಳು ಬೆಂಗಳೂರಿನ ಪೀಣ್ಯಕ್ಕಾಗಲಿ, ಹುಬ್ಬಳ್ಳಿಗಾಗಲಿ ಸಮಾನವಾಗಿ ಅನ್ವಯಿಸುತ್ತವೆ.

ರೋಗದ ಸ್ವರೂಪ

ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿಯೂ, ಜರ್ಮನಿಯ ಮೆರ್ಸೆಬರ್ಗ್ ಪಟ್ಟಣದ ವೈದ್ಯ ಕಾರ್ಲ್ ಫಾನ್ ಬಾಸೆಡೋ 1840ರಲ್ಲಿಯೂ ಊದಿದ ಗ್ರಂಥಿ, ತೀವ್ರವಾದ ಎದೆಬಡಿತ ಮತ್ತು ಮುಂಚಾಚಿದ ಕಣ್ಣುಗಳಿರುವ ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಈ ಕಾಯಿಲೆಗೆ ಇಂದು ಗ್ರೇವ್ಸ್ ರೋಗ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸಬೇಕಾದ ಶರೀರದ ರಕ್ಷಣಾ ವ್ಯವಸ್ಥೆಯು ದಾರಿತಪ್ಪಿ, ಥೈರಾಯ್ಡ್ ಗ್ರಂಥಿಯ ಮೇಲೆಯೇ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಈ ಪ್ರತಿಕಾಯಗಳ ಪ್ರಚೋದನೆಯಿಂದ ಗ್ರಂಥಿಯು ಮಿತಿಮೀರಿ ರಸದೂತಗಳನ್ನು ಸ್ರವಿಸುತ್ತದೆ. ಹಸಿವು ಹೆಚ್ಚಿದರೂ ತೂಕ ಇಳಿಯುವುದು, ಕೈನಡುಕ, ಬೆವರು, ನಿದ್ರಾಹೀನತೆ, ಎದೆಬಡಿತ ಇವು ಅದರ ಪರಿಣಾಮಗಳು.

ಪ್ರತಿಕಾಯಗಳು ಗುರಿಯಾಗಿಸಿಕೊಳ್ಳುವ ಅಂಶವು ಕಣ್ಣಿನ ಹಿಂಭಾಗದ ಜೀವಕೋಶಗಳಲ್ಲಿಯೂ ಇದೆ. ಹೀಗಾಗಿ ಅಲ್ಲಿಯ ಕೊಬ್ಬು ಹಾಗೂ ಕಣ್ಣನ್ನು ಚಲಿಸುವ ಸ್ನಾಯುಗಳು ಉರಿಯೂತಕ್ಕೆ ಒಳಗಾಗಿ ಊದಿಕೊಳ್ಳುತ್ತವೆ. ಕಣ್ಣುಗುಡ್ಡೆಯು ಗಟ್ಟಿಮೂಳೆಗಳ ಗೂಡಿನೊಳಗೆ ಇರುವುದರಿಂದ ಊತಕ್ಕೆ ಪಕ್ಕಕ್ಕೆ ಹಬ್ಬಲು ಸ್ಥಳವಿಲ್ಲ. ಕಣ್ಣುಗುಡ್ಡೆಯು ಮುಂದಕ್ಕೆ ತಳ್ಳಲ್ಪಡುತ್ತದೆ. ಸ್ನಾಯುಗಳು ಬಿಗಿಯಾದಾಗ ಎರಡೂ ಕಣ್ಣುಗಳು ಒಟ್ಟಿಗೆ ಚಲಿಸಲಾರದೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಗೂಡಿನ ಹಿಂಬದಿಯಲ್ಲಿ ಒತ್ತಡ ಮಿತಿಮೀರಿದರೆ ದೃಷ್ಟಿನರವು ಅದುಮಿಹೋಗಿ ಕುರುಡುತನ ಉಂಟಾಗಬಹುದು.

ಗ್ರೇವ್ಸ್ ರೋಗ ಇರುವವರಲ್ಲಿ ಸುಮಾರು ಕಾಲುಭಾಗದಿಂದ ಅರ್ಧದಷ್ಟು ಜನರಿಗೆ ಕಣ್ಣಿನ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರಲ್ಲಿ ಅವು ಸೌಮ್ಯವಾಗಿರುತ್ತವೆ. ನೂರಕ್ಕೆ 3ರಿಂದ 5 ಮಂದಿಯಲ್ಲಿ ಮಾತ್ರ ರೋಗವು ಉಗ್ರ ರೂಪ ತಾಳುತ್ತದೆ. ಕಾಯಿಲೆಯು ಸ್ತ್ರೀಯರಲ್ಲಿ ಹೆಚ್ಚು. ಆದರೆ ಪುರುಷರಿಗೆ ಹಾಗೂ ವಯಸ್ಸಾದವರಿಗೆ ಬಂದಾಗ ಅದರ ತೀವ್ರತೆ ಅಧಿಕ. ಸುಮಾರು ಹತ್ತರಲ್ಲಿ ಒಬ್ಬರಿಗೆ ಥೈರಾಯ್ಡ್ ಮಟ್ಟ ಸರಿಯಾಗಿದ್ದಾಗ ಅಥವಾ ಕಡಿಮೆಯಿದ್ದಾಗಲೂ ಕಣ್ಣಿನ ತೊಂದರೆ ಬರಬಹುದು. ಆದ್ದರಿಂದ ರಕ್ತಪರೀಕ್ಷೆಯ ವರದಿ ಸರಿಯಾಗಿದೆಯೆಂದು ಕಣ್ಣಿನ ಲಕ್ಷಣಗಳನ್ನು ಅಲಕ್ಷಿಸಕೂಡದು.

ಇದು ಅಯೋಡಿನ್ ಕೊರತೆಯಿಂದ ಬರುವ ಗಳಗಂಡವಲ್ಲ. ಗಳಗಂಡವನ್ನು ತಡೆಗಟ್ಟಲು ಭಾರತ ಸರ್ಕಾರವು 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅಯೋಡಿನ್‌ಯುಕ್ತ ಉಪ್ಪು ಅದರ ಮುಖ್ಯ ಸಾಧನ. ವೈದ್ಯರು ಹೇಳದ ಹೊರತು ಗ್ರೇವ್ಸ್ ರೋಗಿಯ ಮನೆಯಲ್ಲಿ ಈ ಉಪ್ಪನ್ನು ನಿಲ್ಲಿಸಬೇಕಾದ ಕಾರಣವಿಲ್ಲ.

ಗುರುತಿಸುವ ಬಗೆ

ಮೊದಲ ತಿಂಗಳುಗಳಲ್ಲಿ ಇದನ್ನು ಕಣ್ಣುಬೇನೆ, ಅಂದರೆ ಜನರು ‘ಮದ್ರಾಸ್ ಐ’ ಎನ್ನುವ ಸೋಂಕು ಎಂದು ತಪ್ಪಾಗಿ ತಿಳಿಯುವುದುಂಟು. ಕಣ್ಣುಬೇನೆಯು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ವಾಸಿಯಾಗುತ್ತದೆ, ಪಿಸುರು ಕಟ್ಟುತ್ತದೆ, ಮನೆಯ ಇತರರಿಗೂ ಹರಡುತ್ತದೆ. ಥೈರಾಯ್ಡ್ ನೇತ್ರರೋಗ ಅಂಟುಜಾಡ್ಯವಲ್ಲ, ವಾರಗಳು ಕಳೆದರೂ ಹೋಗುವುದಿಲ್ಲ. ಈ ಕೆಳಕಂಡ ಲಕ್ಷಣಗಳಲ್ಲಿ ಕೆಲವಾದರೂ ತಿಂಗಳಿಗಿಂತ ಹೆಚ್ಚು ಕಾಲ ಉಳಿದಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಸೂಕ್ತ:

1. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಊದಿಕೊಂಡಿರುವುದು.
2. ಕಣ್ಣಲ್ಲಿ ಮರಳು ಬಿದ್ದಂತಹ ಅನುಭವ, ನೀರು ಸುರಿಯುವುದು, ಬೆಳಕನ್ನು ಸಹಿಸಲಾಗದಿರುವುದು.
3. ಮೇಲಿನ ರೆಪ್ಪೆ ಹಿಂದಕ್ಕೆ ಸರಿದು, ಕಪ್ಪುಗುಡ್ಡೆಯ ಮೇಲೆ ಬಿಳಿಭಾಗ ಕಾಣುವುದು.
4. ಕಣ್ಣಿನ ಹಿಂದೆ ನೋವು, ಅಥವಾ ಕಣ್ಣನ್ನು ಮೇಲಕ್ಕೆ ಹಾಗೂ ಪಕ್ಕಕ್ಕೆ ಹೊರಳಿಸಿದಾಗ ನೋವು.
5. ಒಂದು ವಸ್ತು ಎರಡಾಗಿ ಕಾಣುವುದು.

ಎರಡಾಗಿ ಕಾಣುವುದಕ್ಕೂ ಮಸುಕಾಗಿ ಕಾಣುವುದಕ್ಕೂ ವ್ಯತ್ಯಾಸವಿದೆ. ಒಂದು ಕಣ್ಣನ್ನು ಮುಚ್ಚಿ ನೋಡಬೇಕು. ಆಗ ಎರಡು ಬಿಂಬಗಳು ಒಂದಾದರೆ, ತೊಂದರೆಯು ಕಣ್ಣುಗಳ ಹೊಂದಾಣಿಕೆಯಲ್ಲಿದೆಯೆಂದು ತಿಳಿಯಬಹುದು. ಪರಭಾಷೆಯ ಊರಿನಲ್ಲಿ ವೈದ್ಯರಿಗೆ ವಿವರಿಸಬೇಕಾದ ಕನ್ನಡಿಗರು ಈ ಅಂಶವನ್ನು ಮೊದಲೇ ಗಮನಿಸಿ ಬರೆದಿಟ್ಟುಕೊಂಡರೆ ರೋಗನಿದಾನ ಸುಲಭವಾಗುತ್ತದೆ. ಎರಡು ಮೂರು ವರ್ಷ ಹಿಂದಿನ ಭಾವಚಿತ್ರವೊಂದನ್ನು ಜೊತೆಯಲ್ಲಿ ಒಯ್ಯುವುದೂ ಪ್ರಯೋಜನಕಾರಿ. ಮುಖದಲ್ಲಿ ನಿಧಾನವಾಗಿ ಆದ ಬದಲಾವಣೆಯನ್ನು ಅದು ಒಂದೇ ನೋಟಕ್ಕೆ ತೋರಿಸುತ್ತದೆ.

ರೋಗದ ಎರಡು ಹಂತಗಳು

ಈ ನೇತ್ರರೋಗದಲ್ಲಿ ಮೊದಲನೆಯದು ಉರಿಯೂತದ ಹಂತ. ಇದು ಸಾಮಾನ್ಯವಾಗಿ 6ರಿಂದ 24 ತಿಂಗಳುಗಳವರೆಗೆ ಇರುತ್ತದೆ; ಧೂಮಪಾನಿಗಳಲ್ಲಿ ಇನ್ನೂ ದೀರ್ಘವಾಗಬಹುದು. ಈ ಅವಧಿಯಲ್ಲಿ ಲಕ್ಷಣಗಳು ಏರುತ್ತಾ ಹೋಗಿ, ಒಂದು ಮಟ್ಟದಲ್ಲಿ ನಿಂತು, ಅನಂತರ ತುಸು ಇಳಿಯುತ್ತವೆ. ಎರಡನೆಯದು ಶಾಂತ ಹಂತ. ಆಗ ಕೆಂಪು ಹಾಗೂ ನೋವು ಅಡಗುತ್ತವೆ. ಆದರೆ ಊದಿದ ಅಂಗಾಂಶದಲ್ಲಿ ಕಲೆಗಟ್ಟಿರುವುದರಿಂದ ಕಣ್ಣಿನ ಉಬ್ಬು, ಮೆಳ್ಳೆಗಣ್ಣು, ರೆಪ್ಪೆಯ ವ್ಯತ್ಯಾಸ ಇವು ಸ್ವಲ್ಪಮಟ್ಟಿಗೆ ಉಳಿದುಬಿಡಬಹುದು.

ಉರಿಯೂತವನ್ನು ತಗ್ಗಿಸುವ ಔಷಧಿಗಳು ಮೊದಲ ಹಂತದಲ್ಲಿ ಹೆಚ್ಚು ಫಲಕಾರಿ. ರೂಪ ಸರಿಪಡಿಸುವ ಶಸ್ತ್ರಚಿಕಿತ್ಸೆಗಳು ಎರಡನೆಯ ಹಂತಕ್ಕೆ ಸೇರಿದವು. ಮೊದಲ ಹಂತದಲ್ಲಿಯೇ ಅವಸರದಿಂದ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿದರೆ, ರೋಗ ಮುಂದುವರಿದು ಫಲಿತಾಂಶ ಕೆಡುತ್ತದೆ. ಔಷಧಿ ಬೇಕಾದಾಗ ಸುಮ್ಮನೆ ಕಾಯುತ್ತಾ ಕುಳಿತರೆ ಅವಕಾಶವೇ ಕೈತಪ್ಪುತ್ತದೆ. ಯಾವ ಹಂತವೆಂದು ನಿರ್ಧರಿಸಬೇಕಾದವರು ನೇತ್ರತಜ್ಞರು. ನೋವು, ಕೆಂಪು, ಊತ ಮುಂತಾದ ಏಳು ಚಿಹ್ನೆಗಳಲ್ಲಿ ಮೂರು ಅಥವಾ ಹೆಚ್ಚು ಕಂಡುಬಂದರೆ ರೋಗವು ಚುರುಕಾಗಿದೆಯೆಂದು ಅವರು ಪರಿಗಣಿಸುತ್ತಾರೆ.

ತಂಬಾಕು: ಮೊದಲ ಶತ್ರು

ಈ ಕಾಯಿಲೆಯಲ್ಲಿ ರೋಗಿಯ ಕೈಯಲ್ಲಿಯೇ ಇರುವ ಅತ್ಯಂತ ಪ್ರಬಲ ಔಷಧವೆಂದರೆ ಧೂಮಪಾನವನ್ನು ತ್ಯಜಿಸುವುದು. ಧೂಮಪಾನಿಗಳಲ್ಲಿ ಈ ನೇತ್ರರೋಗದ ಸಂಭವ ಏಳು ಪಟ್ಟಿಗೂ ಅಧಿಕವೆಂದು ನೆದರ್ಲೆಂಡ್ಸ್‌ನ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿಕೊಟ್ಟಿತು. ಧೂಮಪಾನ ಮುಂದುವರಿಸುವವರಲ್ಲಿ ರೋಗವು ಉಲ್ಬಣಿಸುತ್ತದೆ. ಚಿಕಿತ್ಸೆಯ ಫಲವೂ ಕುಂದುತ್ತದೆ. ಬೀಡಿಯಾಗಲಿ, ಸಿಗರೇಟಾಗಲಿ, ಹುಕ್ಕಾ ಆಗಲಿ, ಇವುಗಳಲ್ಲಿ ಯಾವುದೂ ನಿರಪಾಯಕರವಲ್ಲ. ಮನೆಯಲ್ಲಿ ಅಥವಾ ಕೆಲಸದ ಕೊಠಡಿಯಲ್ಲಿ ಇತರರು ಸೇದುವ ಹೊಗೆಯಿಂದಲೂ ರೋಗಿಯು ದೂರವಿರಬೇಕು. ಸಾರ್ವಜನಿಕ ಸ್ಥಳಗಳಲ್ಲಿ ಮತ್ತು ಕೆಲಸದ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವುದರಿಂದ, ಕಾರ್ಖಾನೆಯೊಳಗೆ ಹೊಗೆಯಿಲ್ಲದ ವಾತಾವರಣವನ್ನು ಕೋರುವುದು ಕಾರ್ಮಿಕನ ಹಕ್ಕಾಗಿದೆ.

ತ್ಯಜಿಸಲು ಕಷ್ಟಪಡುವವರು 1800 11 2356 ಎಂಬ ರಾಷ್ಟ್ರೀಯ ಶುಲ್ಕರಹಿತ ದೂರವಾಣಿಯಲ್ಲಿ ಸಲಹೆ ಪಡೆಯಬಹುದು.

ಥೈರಾಯ್ಡ್ ಮಟ್ಟದ ಸ್ಥಿರತೆ

ರಸದೂತದ ಮಟ್ಟ ಮಿತಿಮೀರಿ ಏರುವುದು ಎಷ್ಟು ಹಾನಿಕರವೋ, ಚಿಕಿತ್ಸೆಯ ನಂತರ ಅದು ಅತಿಯಾಗಿ ಇಳಿಯುವುದೂ ಕಣ್ಣಿಗೆ ಅಷ್ಟೇ ಹಾನಿಕರ. ಆದ್ದರಿಂದ ಚಿಕಿತ್ಸೆಯ ಆರಂಭದಲ್ಲಿ 4ರಿಂದ 6 ವಾರಗಳಿಗೊಮ್ಮೆ ರಕ್ತಪರೀಕ್ಷೆ ಅಗತ್ಯ. ನಮ್ಮ ದೇಶದಲ್ಲಿ ಕಾರ್ಬಿಮಜೋಲ್ ಮಾತ್ರೆ ಸಾಮಾನ್ಯವಾಗಿ ಬಳಕೆಯಲ್ಲಿದೆ. ಇದನ್ನು ಬಹುಮಟ್ಟಿಗೆ 12ರಿಂದ 18 ತಿಂಗಳು ಸೇವಿಸಬೇಕಾಗುತ್ತದೆ. ಎದೆಬಡಿತ ನಿಂತಿತೆಂದು ನಡುವೆ ಬಿಡಬಾರದು. ಈ ಮಾತ್ರೆ ಸೇವಿಸುವಾಗ ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಕಾಣಿಸಿಕೊಂಡಲ್ಲಿ ಮಾತ್ರೆಯನ್ನು ನಿಲ್ಲಿಸಿ, ಆ ದಿನವೇ ವೈದ್ಯರನ್ನು ಕಂಡು ಬಿಳಿರಕ್ತಕಣಗಳ ಎಣಿಕೆ ಮಾಡಿಸಬೇಕು. ಗರ್ಭಿಣಿಯರು ಹಾಗೂ ಗರ್ಭಧಾರಣೆಯನ್ನು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಕೆಲವರಿಗೆ ವಿಕಿರಣ ಅಯೋಡಿನ್ ಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಚುರುಕಾದ ನೇತ್ರರೋಗ ಇರುವವರಲ್ಲಿ, ವಿಶೇಷವಾಗಿ ಧೂಮಪಾನಿಗಳಲ್ಲಿ, ಇದರಿಂದ ಕಣ್ಣಿನ ಸ್ಥಿತಿ ಹದಗೆಡುವ ಸಂಭವವಿದೆ. ಆದಕಾರಣ ಕಣ್ಣಿನ ತೊಂದರೆ ಇರುವ ವಿಷಯವನ್ನು ಥೈರಾಯ್ಡ್ ವೈದ್ಯರಿಗೆ ಮರೆಯದೆ ಹೇಳಬೇಕು. ಇಬ್ಬರು ವೈದ್ಯರ ಟಿಪ್ಪಣಿ, ರಕ್ತಪರೀಕ್ಷೆಯ ವರದಿ ಮತ್ತು ಔಷಧಿಗಳ ಹೆಸರು ಒಂದೇ ಪುಸ್ತಕದಲ್ಲಿರುವುದು ಒಳ್ಳೆಯ ಪದ್ಧತಿ.

ದಿನನಿತ್ಯದ ಆರೈಕೆ

ಫರೀದಾಬಾದಿನ ಹವೆಯನ್ನು ಗಮನಿಸೋಣ. ಮೇ, ಜೂನ್ ತಿಂಗಳುಗಳಲ್ಲಿ ‘ಲೂ’ ಎಂಬ ಒಣ ಬಿಸಿಗಾಳಿ ಬೀಸುತ್ತದೆ. ಅಕ್ಟೋಬರ್ ಕಳೆದ ಮೇಲೆ ಹೊಗೆಮಂಜು ಕವಿಯುತ್ತದೆ. ರೆಪ್ಪೆ ಪೂರ್ಣ ಮುಚ್ಚದ ಕಣ್ಣಿಗೆ ಇವೆರಡೂ ಪೀಡಾಕಾರಕ. ಅಂತಹ ಕಣ್ಣಿನ ಪಾರದರ್ಶಕ ಪಟಲವು ಒಣಗಿ ಹುಣ್ಣಾಗುವ ಅಪಾಯವಿದೆ. ಇದನ್ನು ತಪ್ಪಿಸಲು ಮುಂದಿನ ಕ್ರಮಗಳನ್ನು ಅನುಸರಿಸಬಹುದು:

1. ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿಗಳನ್ನು ವೈದ್ಯರು ಹೇಳಿದಷ್ಟು ಬಾರಿ ಹಾಕಿಕೊಳ್ಳಬೇಕು. ದಿನಕ್ಕೆ ಹಲವು ಬಾರಿ ಬಳಸುವವರು ಸಂರಕ್ಷಕ ದ್ರವ್ಯ ಸೇರಿಸದ ಹನಿಗಳನ್ನು ಕೇಳಿ ಪಡೆಯುವುದು ಮೇಲು.
2. ರಾತ್ರಿ ಮಲಗುವ ಮುನ್ನ ಕಣ್ಣಿನ ಮುಲಾಮು ಹಚ್ಚಬೇಕು. ನಿದ್ರಿಸುವಾಗ ರೆಪ್ಪೆಗಳು ಪೂರ್ಣ ಮುಚ್ಚುತ್ತವೆಯೇ ಎಂಬುದನ್ನು ಮನೆಯವರು ಮಂದ ಬೆಳಕಿನಲ್ಲಿ ನೋಡಿ ತಿಳಿಸಬೇಕು. ಮುಚ್ಚದಿದ್ದಲ್ಲಿ ರೆಪ್ಪೆಗಳನ್ನು ಮೃದುವಾದ ಪಟ್ಟಿಯಿಂದ ಅಂಟಿಸುವ ಕ್ರಮವನ್ನು ವೈದ್ಯರಿಂದ ಕಲಿಯಬೇಕು.
3. ಎರಡು ದಿಂಬುಗಳನ್ನಿಟ್ಟು ತಲೆಯನ್ನು ಎತ್ತರಿಸಿ ಮಲಗಿದರೆ ಬೆಳಗಿನ ಊತ ಕಡಿಮೆಯಾಗುತ್ತದೆ. ಫ್ಯಾನು ಮತ್ತು ಕೂಲರಿನ ಗಾಳಿ ಮುಖಕ್ಕೆ ನೇರವಾಗಿ ಬಡಿಯದಂತೆ ಹಾಸಿಗೆಯನ್ನು ಸರಿಸಿಕೊಳ್ಳಬೇಕು.
4. ಹೊರಗೆ ಹೋಗುವಾಗ ಪಕ್ಕವನ್ನೂ ಮುಚ್ಚುವ ಕಪ್ಪು ಕನ್ನಡಕ ಧರಿಸಬೇಕು.
5. ಸಾಣೆ ಹಿಡಿಯುವಲ್ಲಿ, ವೆಲ್ಡಿಂಗ್ ನಡೆಯುವಲ್ಲಿ ಮತ್ತು ಎರಕದ ಕುಲುಮೆಯ ಬಳಿ ರಕ್ಷಣಾ ಕನ್ನಡಕವಿಲ್ಲದೆ ಕೆಲಸ ಮಾಡಕೂಡದು.

ಎರಡಾಗಿ ಕಾಣುವವರು ವಾಹನ ಚಲಾಯಿಸುವುದು, ಎತ್ತರಕ್ಕೆ ಏರುವುದು, ಪ್ರೆಸ್ ಯಂತ್ರದಲ್ಲಿ ಕೈಯಿಟ್ಟು ಕೆಲಸ ಮಾಡುವುದು ಸರ್ವಥಾ ಸಲ್ಲದು. ದೂರವನ್ನು ಅಂದಾಜು ಮಾಡುವ ಶಕ್ತಿ ಅಂತಹವರಲ್ಲಿ ಕುಂದಿರುತ್ತದೆ. ಇಂತಹ ಕಾರ್ಮಿಕರು ತಾತ್ಕಾಲಿಕವಾಗಿ ಬೇರೆ ಕೆಲಸ ಕೊಡುವಂತೆ ವೈದ್ಯಕೀಯ ಪ್ರಮಾಣಪತ್ರದೊಡನೆ ಲಿಖಿತ ಮನವಿ ಸಲ್ಲಿಸುವುದು ಉಚಿತ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುವುದರಿಂದ ಅಥವಾ ಕನ್ನಡಕಕ್ಕೆ ಅಂಟಿಸುವ ತೆಳುವಾದ ಪ್ರಿಸಂ ಹಾಳೆಯಿಂದ ಓದುಬರಹಕ್ಕೆ ಅನುಕೂಲವಾಗುತ್ತದೆ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿಗಳನ್ನು ಬಳಸಬಾರದು. ಅವು ಕಣ್ಣುಗೂಡಿನ ಊತವನ್ನು ಇಳಿಸುವುದಿಲ್ಲ. ಬದಲಾಗಿ ಗ್ಲಾಕೋಮಾ ಹಾಗೂ ಕಣ್ಣಿನ ಪೊರೆಗೆ ಕಾರಣವಾಗಬಹುದು. ಸೆಲೆನಿಯಂ ಮಾತ್ರೆಗಳಿಂದ ಸೌಮ್ಯ ರೋಗದಲ್ಲಿ ಉಪಶಮನ ದೊರೆಯುವುದೆಂದು ಯುರೋಪಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವು ತಿಳಿಸಿತು. ಆದರೆ ಅದು ಮಣ್ಣಿನಲ್ಲಿ ಸೆಲೆನಿಯಂ ಕಡಿಮೆಯಿರುವ ಪ್ರದೇಶಗಳ ಅನುಭವ. ನಮ್ಮಲ್ಲಿ ಪಂಜಾಬಿನ ಕೆಲವು ಭಾಗಗಳಲ್ಲಿ ಈ ಧಾತುವು ಮಣ್ಣಿನಲ್ಲಿ ಅತಿಯಾಗಿಯೇ ಇದೆ. ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸತಕ್ಕದ್ದಲ್ಲ.

ಅಪಾಯದ ಸೂಚನೆಗಳು

ಈ ಕೆಳಗಿನ ಯಾವುದೇ ಸೂಚನೆ ಕಂಡಲ್ಲಿ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ, ತಕ್ಷಣ ಕಣ್ಣಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು:

1. ಕಣ್ಣು ಮಿಟುಕಿಸಿದರೂ ಮಸುಕು ಹೋಗದಿರುವುದು.
2. ಬಣ್ಣಗಳು, ವಿಶೇಷವಾಗಿ ಕೆಂಪು, ಒಂದು ಕಣ್ಣಿಗೆ ಮಾಸಿದಂತೆ ಕಾಣುವುದು.
3. ಪಾರದರ್ಶಕ ಪಟಲದ ಮೇಲೆ ಬಿಳಿಯ ಚುಕ್ಕೆ ಅಥವಾ ಅಸಹನೀಯ ನೋವು.
4. ಕಣ್ಣುಗುಡ್ಡೆ ಹಠಾತ್ತನೆ ರೆಪ್ಪೆಗಳಿಂದ ಹೊರಕ್ಕೆ ಬಂದಂತಾಗುವುದು.

ಎರಡನೆಯ ಸೂಚನೆಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ವಾರಕ್ಕೊಮ್ಮೆ, ಹಗಲು ಬೆಳಕಿನಲ್ಲಿ, ಕೆಂಪು ಬಣ್ಣದ ವಸ್ತುವೊಂದನ್ನು, ಕುಂಕುಮದ ಭರಣಿಯಾದರೂ ಸರಿ, ಒಂದೊಂದೇ ಕಣ್ಣಿನಿಂದ ನೋಡಬೇಕು. ಒಂದು ಕಣ್ಣಿಗೆ ಅದು ಕಂದಾಗಿ ಅಥವಾ ಬೂದಾಗಿ ತೋರಿದಲ್ಲಿ ದೃಷ್ಟಿನರದ ಮೇಲೆ ಒತ್ತಡ ಬಿದ್ದಿರುವ ಶಂಕೆಯಿದೆ. ಎರಡೂ ಕಣ್ಣುಗಳು ಒಟ್ಟಿಗೆ ತೊಂದರೆಗೆ ಒಳಗಾಗಬಹುದಾದ್ದರಿಂದ, ವ್ಯತ್ಯಾಸ ಕಾಣದಿದ್ದರೂ ವೈದ್ಯರ ತಪಾಸಣೆಯನ್ನು ತಪ್ಪಿಸಬಾರದು. ಕಣ್ಣು ಹೆಚ್ಚು ಉಬ್ಬದೆಯೂ ನರವು ಅದುಮಿಹೋಗುವುದುಂಟು. ಮಧುಮೇಹಿಗಳಲ್ಲಿ ಈ ಅಪಾಯ ಅಧಿಕ.

ಚಿಕಿತ್ಸಾ ವಿಧಾನಗಳು

ಸೌಮ್ಯ ರೋಗಕ್ಕೆ ಮೇಲ್ಕಂಡ ಆರೈಕೆಯೇ ಬಹುತೇಕ ಸಾಕಾಗುತ್ತದೆ. ಮಧ್ಯಮ ಹಾಗೂ ತೀವ್ರ ರೋಗವು ಚುರುಕಾಗಿದ್ದಾಗ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ರಕ್ತನಾಳದ ಮೂಲಕ ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಕ್ರಮವಿದೆ. ಇದಕ್ಕೆ ಮೊದಲು ಯಕೃತ್ತಿನ ಪರೀಕ್ಷೆ, ರಕ್ತದಲ್ಲಿನ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಕಡ್ಡಾಯ. ಹಿಂದೆ ಕ್ಷಯ ಅಥವಾ ಕಾಮಾಲೆ ಆಗಿದ್ದರೆ ಮುಚ್ಚಿಡದೆ ಹೇಳಬೇಕು. ಸ್ಟಿರಾಯ್ಡ್ ಮಾತ್ರೆಗಳನ್ನು ಸೇವಿಸುತ್ತಿರುವವರು ಅವುಗಳನ್ನು ಹಠಾತ್ತನೆ ನಿಲ್ಲಿಸಕೂಡದು.

ರೋಗದ ಮೂಲಕ್ಕೆ ಸಮೀಪವಾಗಿ ಕೆಲಸ ಮಾಡುವ ಟೆಪ್ರೊಟುಮುಮಾಬ್ ಎಂಬ ಔಷಧಿಗೆ ಅಮೆರಿಕವು 2020ರ ಜನವರಿಯಲ್ಲಿ ಅನುಮೋದನೆ ನೀಡಿತು. ಅದರಿಂದ ಕಣ್ಣಿನ ಉಬ್ಬು ಗಣನೀಯವಾಗಿ ಇಳಿಯುವುದು ಕಂಡುಬಂದಿದೆ. ಅದು ಬಹು ದುಬಾರಿಯಾದುದು. ಶ್ರವಣಶಕ್ತಿ ಕುಂದುವುದು ಮತ್ತು ಸಕ್ಕರೆ ಏರುವುದು ಅದರ ಅಡ್ಡಪರಿಣಾಮಗಳು. ಎಲ್ಲರಿಗೂ ಅದರ ಅಗತ್ಯವಿಲ್ಲ.

ದೃಷ್ಟಿನರಕ್ಕೆ ಅಪಾಯ ಒದಗಿದಾಗ ಗೂಡಿನ ಮೂಳೆಯ ಸ್ವಲ್ಪ ಭಾಗವನ್ನು ತೆಗೆದು ಒತ್ತಡವನ್ನು ಇಳಿಸುವ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಉಳಿದ ಶಸ್ತ್ರಚಿಕಿತ್ಸೆಗಳಿಗೆ, ರೋಗ ಶಾಂತವಾಗಿ ಸುಮಾರು ಆರು ತಿಂಗಳು ಸ್ಥಿರವಾಗಿರುವುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಮೊದಲು ಕಣ್ಣಿನ ಗೂಡು, ಅನಂತರ ಮೆಳ್ಳೆಗಣ್ಣು, ಕೊನೆಗೆ ರೆಪ್ಪೆ ಎಂಬುದು ಅವುಗಳ ಕ್ರಮ. ಒಂದರ ಪರಿಣಾಮ ಮುಂದಿನದರ ಮೇಲೆ ಆಗುವುದರಿಂದ ಈ ಅನುಕ್ರಮವನ್ನು ಬದಲಿಸುವುದು ಸರಿಯಲ್ಲ.

ಎಲ್ಲಿ ನೆರವು ದೊರೆಯುತ್ತದೆ?

ವಿಮೆಗೊಳಪಟ್ಟ ಕಾರ್ಮಿಕರು ಮತ್ತು ಅವರ ಕುಟುಂಬದವರು ಇ.ಎಸ್.ಐ. ಔಷಧಾಲಯದ ಮೂಲಕ ಚಿಕಿತ್ಸೆಯನ್ನು ಆರಂಭಿಸಬಹುದು. ಫರೀದಾಬಾದಿನಲ್ಲಿ ಇ.ಎಸ್.ಐ. ನಿಗಮದ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಹೆಚ್ಚಿನ ಪರಿಣತಿ ಬೇಕಾದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ, 1967ರಲ್ಲಿ ಸ್ಥಾಪಿತವಾದ ಡಾ. ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರವಿದೆ. ಫರೀದಾಬಾದಿಗೆ 2015ರಲ್ಲಿ ಮೆಟ್ರೋ ರೈಲು ಬಂದಿದೆ. ನೇರಳೆ ಮಾರ್ಗದಲ್ಲಿ ಸೆಂಟ್ರಲ್ ಸೆಕ್ರೆಟೇರಿಯಟ್ ತನಕ ಹೋಗಿ, ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡು ಏಮ್ಸ್ ನಿಲ್ದಾಣದಲ್ಲಿ ಇಳಿಯಬಹುದು. ಎರಡಾಗಿ ಕಾಣುವವರು ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೇತ್ರವಿಭಾಗಗಳನ್ನು ಸಂಪರ್ಕಿಸಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯ ಕಾರ್ಡ್ ಹೊಂದಿರುವವರು, ಸೂಚಿಸಲಾದ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸಬೇಕು.

ಕುಟುಂಬ ಮತ್ತು ಸಹೋದ್ಯೋಗಿಗಳ ಪಾತ್ರ

ಈ ರೋಗವು ಮುಖದ ಚಹರೆಯನ್ನೇ ಬದಲಾಯಿಸುತ್ತದೆ. ಕೆಂಪಡರಿ ಉಬ್ಬಿದ ಕಣ್ಣುಗಳನ್ನು ಕಂಡು, ಈತ ಕುಡಿದು ಬಂದಿದ್ದಾನೆಂದೋ ಈಕೆ ಸಿಟ್ಟಿನಿಂದ ದುರುಗುಟ್ಟುತ್ತಿದ್ದಾಳೆಂದೋ ಭಾವಿಸುವವರಿದ್ದಾರೆ. ಕನ್ನಡಿ ನೋಡಲು ಹಿಂಜರಿಯುವ, ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟುಬಿಡುವ ರೋಗಿಗಳುಂಟು. ಥೈರಾಯ್ಡಿನ ಏರುಪೇರಿನಿಂದಲೇ ಮನಸ್ಸು ಕಳವಳಗೊಳ್ಳುವುದರಿಂದ ಅವರ ಸಂಕಟ ಇಮ್ಮಡಿಯಾಗುತ್ತದೆ. ದೃಷ್ಟಿ ತಾಗಿದೆಯೆಂದು ನಿವಾಳಿಸುತ್ತಾ ಕಾಲ ಕಳೆಯುವುದರಿಂದ ಪ್ರಯೋಜನವಿಲ್ಲ. ಹುಡುಗಿಗೆ ಈ ಕಾಯಿಲೆ ಬಂದರೆ ಅದನ್ನು ಬಚ್ಚಿಡುವುದರಿಂದ ಚಿಕಿತ್ಸೆ ತಡವಾಗುವುದೇ ಹೊರತು ಬೇರೇನೂ ಆಗದು. ಇದೊಂದು ಕಾಯಿಲೆ, ಅಂಟುವುದಿಲ್ಲ, ಚಿಕಿತ್ಸೆಯಿದೆ ಎಂಬ ಮೂರು ಮಾತುಗಳನ್ನು ಮನೆಯವರು ನೆಂಟರಿಷ್ಟರಿಗೂ, ಕಾರ್ಖಾನೆಯ ಮೇಲ್ವಿಚಾರಕರು ಜೊತೆಗಾರರಿಗೂ ತಿಳಿಯಹೇಳಿದರೆ ರೋಗಿಯ ಅರ್ಧ ಭಾರ ಇಳಿಯುತ್ತದೆ. ಕಳವಳ ಅಥವಾ ಖಿನ್ನತೆ ಹೆಚ್ಚಾದಲ್ಲಿ ಅದನ್ನೂ ವೈದ್ಯರಲ್ಲಿ ಹೇಳಿಕೊಳ್ಳಬೇಕು.

ಹೆಚ್ಚಿನ ರೋಗಿಗಳಲ್ಲಿ ಈ ರೋಗದ ಉರಿಯೂತವು ಒಂದು ದಿನ ತಣಿಯುತ್ತದೆ. ಅಲ್ಲಿಯವರೆಗೆ ತಂಬಾಕನ್ನು ದೂರವಿಟ್ಟು, ಥೈರಾಯ್ಡ್ ಮಟ್ಟವನ್ನು ಸಮಸ್ಥಿತಿಯಲ್ಲಿಟ್ಟು, ಕಣ್ಣನ್ನು ಒಣಗಗೊಡದೆ, ಅಪಾಯದ ಸೂಚನೆಗಳನ್ನು ಅರಿತು ನಡೆದವರಲ್ಲಿ ಬಹುಮಂದಿ ತಮ್ಮ ದೃಷ್ಟಿಯನ್ನು ಉಳಿಸಿಕೊಳ್ಳುತ್ತಾರೆ. ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಬ್ಬ ರೋಗಿಯ ಚಿಕಿತ್ಸೆಯನ್ನು ಆತನನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು. ಕಣ್ಣಿನ ಕೆಂಪು ಮತ್ತು ಊತ ಒಂದು ತಿಂಗಳಾದರೂ ಇಳಿಯದ ಪರಿಚಿತರು ಯಾರಾದರೂ ಇದ್ದಲ್ಲಿ, ಥೈರಾಯ್ಡ್ ಪರೀಕ್ಷೆ ಮಾಡಿಸುವಂತೆ ಅವರಿಗೆ ತಿಳಿಸಬೇಕೆಂದು ಓದುಗರಲ್ಲಿ ವಿನಂತಿ.